ಹುಟ್ಟೂರು ಒಂದು, ಹೆಸರಿನೂರು ಇನ್ನೊಂದು

ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಹುಟ್ಟಿನ ಸಂಬಂಧವಿಲ್ಲ. ಆ ಹಕ್ಕಿಯ ತವರು ಉತ್ತರ ಅಮೆರಿಕ. ಮೆಕ್ಸಿಕೋದ ಮೂಲನಿವಾಸಿಗಳು ಅದನ್ನು ಬಹು ಹಿಂದೆಯೇ ಪಳಗಿಸಿ ಸಾಕಿದ್ದರು. ಅವರ ನಾವಾಟ್ಲ್ ಭಾಷೆಯ ಹೆಸರು ತುಸು ರೂಪ ಬದಲಿಸಿ, 'ಗ್ವಾಹೊಲೋತೆ' ಎಂದು ಮೆಕ್ಸಿಕೋದ ಸ್ಪ್ಯಾನಿಷ್‌ನಲ್ಲಿ ಇಂದಿಗೂ ಬಳಕೆಯಲ್ಲಿದೆ. 16ನೇ ಶತಮಾನದ ಆರಂಭದಲ್ಲಿ ಸ್ಪೇನಿನವರು ಹಕ್ಕಿಯನ್ನು ಯುರೋಪಿಗೆ ಒಯ್ದರು. ಅಲ್ಲಿಂದ ಮುಂದೆ ಅದು ಕಾಲಿಟ್ಟ ಕಡೆಯಲ್ಲೆಲ್ಲ ಹೊಸದೊಂದು ಊರು ಅದರ ಹೆಸರಿಗೆ ಅಂಟಿಕೊಂಡಿತು.

ಇಂಗ್ಲಿಷರು 'ಟರ್ಕಿ' ಎಂದು ಕರೆದ ಹಕ್ಕಿಗೆ ಟರ್ಕಿಯವರು ಇಟ್ಟ ಹೆಸರು 'ಹಿಂದಿ', ಅಂದರೆ ಹಿಂದೂಸ್ಥಾನದ್ದು. ಫ್ರೆಂಚರ 'ದ್ಯಾಂದ್', ರಷ್ಯನ್ನರ 'ಇಂದ್ಯೂಕ್', ಪೋಲೆಂಡಿನವರ 'ಇಂದಿಕ್' ಕೂಡ ಭಾರತದ ಕಡೆಗೇ ಬೊಟ್ಟು ಮಾಡುತ್ತವೆ. ಡಚ್ಚರದು ಇನ್ನೂ ಖಚಿತವಾದ ವಿಳಾಸ: ಅವರ 'ಕಾಲ್ಕೂನ್' ಎಂಬ ಪದ ಹುಟ್ಟಿದ್ದು ಕಲ್ಲಿಕೋಟೆಯ ಹೆಸರಿನಿಂದ. ಸ್ವೀಡನ್ನಿನ 'ಕಾಲ್ಕೋನ್', ಫಿನ್‌ಲೆಂಡಿನ 'ಕಾಲ್ಕ್ಕುನ' ಪದಗಳೂ ಅದೇ ಬಳಿಯವು. ಪೋರ್ಚುಗೀಸರಿಗೆ ಅದು 'ಪೆರು'. ಮಲಯ ಭಾಷಿಕರಿಗೆ 'ಆಯಾಂ ಬೆಲಾಂದ', ಡಚ್ಚರ ಕೋಳಿ. ಈಜಿಪ್ಟಿನ ಅರಬ್ಬಿಯಲ್ಲಿ 'ದೀಕ್ ರೂಮಿ', ರೂಮಿನ, ಅಂದರೆ ರೋಮನ್ನರ ನಾಡಿನ ಹುಂಜ. ಒಂದು ಹಕ್ಕಿಗೆ ಇಷ್ಟು ನಾಡುಗಳ ಹೆಸರಿದ್ದರೂ ಮೆಕ್ಸಿಕೋವನ್ನು ನೆನೆದವರು ಇವರಲ್ಲಿ ಒಬ್ಬರೂ ಇಲ್ಲ.

ಈ ಗೊಂದಲಕ್ಕೆ ಕಾರಣಗಳಿವೆ. 1492ರಲ್ಲಿ ಅಟ್ಲಾಂಟಿಕ್ ದಾಟಿದ ಕೊಲಂಬಸ್ ತಾನು ಮುಟ್ಟಿದ್ದು ಪೂರ್ವದ ಇಂಡೀಸ್ ಎಂದೇ ನಂಬಿದ್ದ. ತಪ್ಪು ತಿಳಿದ ಮೇಲೂ ಸ್ಪೇನಿನವರು ಅಮೆರಿಕವನ್ನು 'ಇಂಡೀಸ್' ಎಂದೇ ಕರೆಯುತ್ತಿದ್ದರು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ, ದೂರದ ಇಂಡೀಸಿನ ಸರಕು ಎಂದರೆ ಆ ಬಂದರಿನದೇ ಎಂಬ ಭಾವನೆ ಯುರೋಪಿನ ಪೇಟೆಗಳಲ್ಲಿ ಬಲವಾಯಿತು. ಇಂಗ್ಲಿಷರ ಕಥೆ ಬೇರೆ. ಆಫ್ರಿಕದ ಗಿನಿ ಕೋಳಿ ತುರ್ಕರ ಆಳ್ವಿಕೆಯ ನಾಡುಗಳ ಮೂಲಕ ಇಂಗ್ಲೆಂಡಿಗೆ ಬರುತ್ತಿದ್ದುದರಿಂದ ಅದನ್ನು ಟರ್ಕಿ ಕೋಳಿ ಎನ್ನುತ್ತಿದ್ದರು. ಅಮೆರಿಕದ ಹಕ್ಕಿ ಬಂದಾಗ ಎರಡನ್ನೂ ಒಂದೇ ಎಂದು ಬಗೆದು ಅದೇ ಹೆಸರಿಟ್ಟರು. ವಿಜ್ಞಾನವೂ ಈ ಗೋಜಲಿನಿಂದ ತಪ್ಪಿಸಿಕೊಳ್ಳಲಿಲ್ಲ. ಲಿನೇಯಸ್ 1758ರಲ್ಲಿ ಟರ್ಕಿ ಕೋಳಿಗೆ ಕೊಟ್ಟ 'ಮೆಲಿಯಾಗ್ರಿಸ್' ಎಂಬ ಕುಲನಾಮ ಪ್ರಾಚೀನ ಗ್ರೀಕರು ಗಿನಿ ಕೋಳಿಗೆ ಇಟ್ಟಿದ್ದ ಹೆಸರು.

ಇಂಥ ಹೆಸರುಗಳನ್ನು ತಪ್ಪೆಂದು ತಳ್ಳಿಹಾಕುವುದು ಸರಿಯಲ್ಲ. ವಸ್ತು ಎಲ್ಲಿ ಹುಟ್ಟಿತು ಎಂಬುದನ್ನು ಅವು ಹೇಳುವುದಿಲ್ಲ, ನಿಜ. ಆದರೆ ಯಾರ ಕೈಯಿಂದ ಬಂತು, ಯಾವ ದಾರಿ ಹಿಡಿದು ಬಂತು ಎಂಬುದನ್ನು ಬಹುಮಟ್ಟಿಗೆ ನಿಷ್ಠೆಯಿಂದ ದಾಖಲಿಸುತ್ತವೆ.

ಮೆಕ್ಕೆಜೋಳವನ್ನೇ ನೋಡಬಹುದು. ಸುಮಾರು 9,000 ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೋದಲ್ಲಿ ಕಾಡುಹುಲ್ಲೊಂದರಿಂದ ರೂಪುಗೊಂಡ ಬೆಳೆ ಅದು. ಇಟಲಿಯಲ್ಲಿ ಅದರ ಹೆಸರು 'ಗ್ರಾನ್‌ತುರ್ಕೊ', ತುರ್ಕರ ಧಾನ್ಯ. ಜರ್ಮನಿಯ ಸಸ್ಯಶಾಸ್ತ್ರಜ್ಞ ಲಿಯೊನ್‌ಹಾರ್ಟ್ ಫುಕ್ಸ್ 1542ರ ತನ್ನ ಗ್ರಂಥದಲ್ಲಿ ಲ್ಯಾಟಿನ್‌ನಲ್ಲಿ ಅದೇ ಅರ್ಥದ ಹೆಸರನ್ನು ಬರೆದ. ತುರ್ಕರು ಮಾತ್ರ ಅದನ್ನು 'ಮಿಸಿರ್' ಎನ್ನುತ್ತಾರೆ. ಈಜಿಪ್ಟ್ ದೇಶಕ್ಕೂ ಅವರ ಭಾಷೆಯಲ್ಲಿ ಅದೇ ಪದ. ಈ ತುರ್ಕ ನಂಟಿನ ಒಂದು ಎಳೆ ಕರ್ನಾಟಕದ ಹೊಲಗಳವರೆಗೂ ಬಂದಿದೆ. ಮೆಕ್ಕೆಜೋಳದ ಕೆಳಗಿನ ಎಲೆಗಳಲ್ಲಿ ದೋಣಿಯಾಕಾರದ ಉದ್ದನೆಯ ಬೂದು ಮಚ್ಚೆಗಳಾಗಿ ಶುರುವಾಗಿ, ಮೇಲೇರುತ್ತ ಇಡೀ ಎಲೆಯನ್ನು ಸುಟ್ಟಂತೆ ಒಣಗಿಸುವ ರೋಗಕ್ಕೆ ಕೃಷಿ ತಜ್ಞರು 'ಟರ್ಸಿಕಮ್ ಎಲೆ ಅಂಗಮಾರಿ' ಎನ್ನುತ್ತಾರೆ. ಅದರ ಶಿಲೀಂಧ್ರವನ್ನು 1876ರಲ್ಲಿ ಮೊದಲು ವಿವರಿಸಿದವನು ಇಟಲಿಯ ಪಸ್ಸೆರಿನಿ. 'ಟರ್ಸಿಕಮ್' ಎಂದರೆ ಲ್ಯಾಟಿನ್‌ನಲ್ಲಿ ತುರ್ಕರದು ಎಂದೇ.

ಹಣ್ಣುಗಳಲ್ಲಿ ಕಿತ್ತಳೆಯ ಸಂಚಾರ ದೊಡ್ಡದು. ಸಂಸ್ಕೃತದ 'ನಾರಂಗ' ಪರ್ಷಿಯನ್ ಮತ್ತು ಅರಬ್ಬಿಯ ಮೂಲಕ ಸಾಗಿ ಪೋರ್ಚುಗಲ್ಲಿನಲ್ಲಿ 'ಲರಾಂಜ' ಆಯಿತು. ಮುಂದೆ ಪೋರ್ಚುಗೀಸರು ಸಿಹಿ ತಳಿಯನ್ನು ಹಂಚತೊಡಗಿದ ಮೇಲೆ ಅರಬ್ಬರು ಅದನ್ನು 'ಬುರ್ತುಕಾಲ್', ತುರ್ಕರು 'ಪೋರ್ತಕಾಲ್', ಗ್ರೀಕರು 'ಪೋರ್ತೊಕಾಲಿ' ಎಂದರು. ಪೂರ್ವದ ಹೆಸರು ಪಶ್ಚಿಮದ ತುದಿಗೆ ಹೋಗಿ ನೆಲೆನಿಂತಿತು, ಪಶ್ಚಿಮದ ದೇಶವೊಂದರ ಹೆಸರು ಪೂರ್ವಕ್ಕೆ ಹಣ್ಣಾಗಿ ಬಂತು. ಡಚ್ಚರಿಗಾದರೋ ಕಿತ್ತಳೆ ಎಂದರೆ ಚೀನಾದ ಸೇಬು. ಕನ್ನಡಿಗರು ರಸ ಹಿಂಡಿ ಕುಡಿಯುವ ಮೂಸಂಬಿಯಲ್ಲಿ ಆಫ್ರಿಕದ ಮೊಸಾಂಬಿಕ್ ಇದೆ. ಚಕೋತವನ್ನು ಬಂಗಾಳಿಗಳು 'ಬಾತಾಬಿ ಲೇಬು' ಎನ್ನುತ್ತಾರೆ. ಬಟಾವಿಯ ಎಂಬುದು ಇಂದಿನ ಜಕಾರ್ತದ ಹಳೆಯ ಹೆಸರು.

ಕನ್ನಡದಲ್ಲಿ ಹೊರನಾಡಿನ ಗುರುತಿಗೆ ಮುಖ್ಯವಾಗಿ ಎರಡು ಪದಗಳಿವೆ. ಒಂದು 'ಪರಂಗಿ'. ಫ್ರಾನ್ಸಿಗೆ ಹೆಸರು ಕೊಟ್ಟ ಫ್ರಾಂಕ್ ಜನಾಂಗದ ಹೆಸರನ್ನು ಅರಬ್ಬರು ಪಶ್ಚಿಮ ಯುರೋಪಿನವರಿಗೆಲ್ಲ ಅನ್ವಯಿಸಿದರು. ಅದು 'ಫಿರಂಗಿ'ಯಾಗಿ ಭಾರತಕ್ಕೆ ಬಂದು ಪೋರ್ಚುಗೀಸರಿಗೆ ಅಂಟಿತು. ಅವರ ಕಾಲದಲ್ಲಿ ಬಂದ ಮಧ್ಯ ಅಮೆರಿಕದ ಹಣ್ಣು ಪರಂಗಿ ಹಣ್ಣಾಯಿತು. ತಮಿಳಿನಲ್ಲಿ 'ಪರಂಗಿಕ್ಕಾಯ್' ಎಂದು ಕೇಳಿದರೆ ಸಿಗುವುದು ಕುಂಬಳ. ಆ ಪದಕ್ಕೆ ಕಹಿ ಮುಖವೂ ಉಂಟು: 16ನೇ ಶತಮಾನದ 'ಭಾವಪ್ರಕಾಶ' ಎಂಬ ವೈದ್ಯಗ್ರಂಥದಲ್ಲಿ 'ಫಿರಂಗ ರೋಗ'ದ (ಸಿಫಿಲಿಸ್) ವಿವರಣೆಯಿದೆ, ಕನ್ನಡದಲ್ಲಿ ಅದು ಪರಂಗಿ ಹುಣ್ಣು. ತುರ್ಕರೂ ಆ ರೋಗವನ್ನು 'ಫ್ರೆಂಗಿ' ಎಂದೇ ಕರೆದರು.

ಇನ್ನೊಂದು ಪದ 'ಸೀಮೆ'. ಎಲ್ಲೆ, ಪ್ರಾಂತ ಎಂಬ ಅರ್ಥದ ಈ ಸಂಸ್ಕೃತ ಮೂಲದ ಪದ ಕನ್ನಡದಲ್ಲಿ ಪರದೇಶವನ್ನೂ ಸೂಚಿಸತೊಡಗಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಎಲ್ಲರಿಗೂ ಗೊತ್ತು. ಸೀಮೆಹುಣಸೆಯ ಕಥೆ ಹೆಚ್ಚು ಸೊಗಸು. ಅದೂ ಮೆಕ್ಸಿಕೋ ಕಡೆಯ ಮರ. ಸ್ಪೇನಿನ ಹಡಗುಗಳು 1565ರಿಂದ 1815ರವರೆಗೆ ಮೆಕ್ಸಿಕೋದ ಅಕಾಪುಲ್ಕೊದಿಂದ ಫಿಲಿಪ್ಪೀನ್ಸಿನ ಮನಿಲಾಗೆ ಓಡಾಡುತ್ತಿದ್ದವು. ಆ ದಾರಿಯ ನೆನಪಾಗಿ ಇಂಗ್ಲಿಷಿನಲ್ಲಿ ಅದು 'ಮನಿಲಾ ಟ್ಯಾಮರಿಂಡ್'. ಅದು ಮನಿಲಾದ್ದೂ ಅಲ್ಲ, ಹುಣಸೆಯೂ ಅಲ್ಲ. ಟ್ಯಾಮರಿಂಡ್ ಎಂಬ ಪದವಾದರೂ ಅರಬ್ಬಿಯ 'ತಮ್ರ್ ಹಿಂದಿ', ಹಿಂದೂಸ್ಥಾನದ ಖರ್ಜೂರ. ಹುಣಸೆ ಖರ್ಜೂರವಲ್ಲ, ಅದರ ಮೂಲ ನೆಲೆ ಉಷ್ಣವಲಯದ ಆಫ್ರಿಕ.

ಸೀಮೆಬದನೆಯೂ ಮೆಕ್ಸಿಕೋ ಕಡೆಯ ತರಕಾರಿಯೇ. ನಾವಾಟ್ಲ್‌ನ 'ಚಯೋತ್ಲಿ'ಯಿಂದ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಹೆಸರುಗಳು ಬಂದಿವೆ. ಕನ್ನಡಿಗರು ಅದನ್ನು ಹೊರದೇಶದ ಬದನೆ ಎಂದು ಗುರುತಿಸಿದರೆ, ತಮಿಳರು 'ಬೆಂಗಳೂರು ಕತ್ತರಿಕ್ಕಾಯ್' ಎಂದೂ ತೆಲುಗರು 'ಬೆಂಗಳೂರು ವಂಕಾಯ' ಎಂದೂ ಕರೆಯುತ್ತಾರೆ.