ನವ್ಯ ಕಾದಂಬರಿಯಲ್ಲಿ ಒಳಪಯಣ: ಪಾತ್ರದ ಕುಸಿತ ಮತ್ತು ಅದರ ಕಾರಣ

ಪಾತ್ರವೊಂದು ತಾನು ನಂಬಿದ್ದೆಲ್ಲ ಕೈಬಿಟ್ಟ ಸ್ಥಿತಿಗೆ ಇಳಿದು ತನ್ನನ್ನು ತಾನೇ ಎದುರಿಸಬೇಕಾದ ಘಳಿಗೆಯನ್ನು ಕನ್ನಡ ಕಾದಂಬರಿಯ ಕೇಂದ್ರಕ್ಕೆ ತಂದದ್ದು ನವ್ಯ ಸಾಹಿತ್ಯ. ಅದಕ್ಕೂ ಮುಂಚೆ ಇಂಥ ಘಳಿಗೆಗಳು ಇರಲಿಲ್ಲವೆಂದಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕಾದಂಬರಿಯ ನಾಗವೇಣಿ ಗಂಡನ ಕೈಯಲ್ಲಿ ಅನುಭವಿಸುವ ಸಂಕಟ ನವ್ಯದ ಯಾವ ನಾಯಕನ ಸಂಕಟಕ್ಕೂ ಕಡಿಮೆಯದಲ್ಲ. ಆದರೆ ಮೂರು ತಲೆಮಾರುಗಳ ಆ ಕಥನದಲ್ಲಿ ಅವಳ ದುಃಖ ಕಡಲು, ಮಳೆ, ಗದ್ದೆ, ಮನೆಗೆಲಸಗಳ ನಡುವೆ ಹರಡಿಕೊಂಡು ಕಾಲದೊಂದಿಗೆ ಸವೆಯುತ್ತದೆ. ಅವಳು ಕುಸಿದ ದಿನ ಇದೇ ಎಂದು ಬೊಟ್ಟು ಮಾಡಿ ತೋರಿಸಲಾಗದು. ನವ್ಯ ಕಾದಂಬರಿ ಈ ಹರಹನ್ನು ಬಿಟ್ಟು, ಒಬ್ಬ ವ್ಯಕ್ತಿಯ ಕೆಲವೇ ದಿನಗಳನ್ನು ಹಿಡಿದು, ಹೊರಗಿನ ಘಟನೆಗಿಂತ ಅದು ಮನಸ್ಸಿನಲ್ಲಿ ಎಬ್ಬಿಸುವ ಕಂಪನವನ್ನೇ ಕಥೆಯಾಗಿಸಿತು. ಇದಕ್ಕೆ ಒದಗಿದ ಉಪಕರಣಗಳು ಎರಡು: ಪಾತ್ರದ ಯೋಚನೆ, ನೆನಪು, ಆಸೆಗಳನ್ನು ಅವು ಹುಟ್ಟಿದ ಕ್ರಮದಲ್ಲೇ ಹರಿಯಬಿಡುವ ಪ್ರಜ್ಞಾಪ್ರವಾಹ ತಂತ್ರ, ಮತ್ತು ಮನುಷ್ಯನ ಬದುಕಿಗೆ ಮೊದಲೇ ಗೊತ್ತುಮಾಡಿಟ್ಟ ಅರ್ಥವಿಲ್ಲ, ತನ್ನ ಆಯ್ಕೆಗಳಿಂದಲೇ ಅವನು ತನ್ನನ್ನು ರೂಪಿಸಿಕೊಳ್ಳಬೇಕು ಎನ್ನುವ ಅಸ್ತಿತ್ವವಾದ.

ಈ ಪರಂಪರೆಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಕಾಣಿಸುವ ಕೃತಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965). ಆಚಾರಭ್ರಷ್ಟನಾದ ನಾರಣಪ್ಪ ದೂರ್ವಾಸಪುರದ ಅಗ್ರಹಾರದಲ್ಲಿ ಸತ್ತುಬಿದ್ದಿದ್ದಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕೆಂಬುದು ತೀರ್ಮಾನವಾಗುವವರೆಗೆ ಊರಿನವರು ಊಟ ಮಾಡುವಂತಿಲ್ಲ. ಹೆಣ ಕೊಳೆಯುತ್ತಿದೆ, ಇಲಿಗಳು ಸಾಯುತ್ತಿವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತಿವೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಶಾಸ್ತ್ರಗ್ರಂಥಗಳನ್ನು ತಿರುವಿಹಾಕಿದರೂ, ಮಾರುತಿಯ ಗುಡಿಯಲ್ಲಿ ದಿನವಿಡೀ ಕಾದರೂ ಉತ್ತರ ಸಿಗುವುದಿಲ್ಲ. ಹಿಂತಿರುಗುವ ಕತ್ತಲ ದಾರಿಯಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯೊಂದಿಗೆ ನಡೆದ ಕೂಟ ಅವರ ಉಳಿದ ನಿಶ್ಚಯಗಳನ್ನೂ ಕದಲಿಸುತ್ತದೆ. ಇಲ್ಲಿನ ಕಟ್ಟೋಣದ ಹೆಚ್ಚುಗಾರಿಕೆ ಇರುವುದು ಆಚಾರ್ಯರ ಒಳತುಮುಲವನ್ನು ಹೊರಗಿನ ತುರ್ತು ಒಂದು ಕ್ಷಣವೂ ಸುಮ್ಮನಿರಲು ಬಿಡದಿರುವುದರಲ್ಲಿ. ಊರಿನ ಹಸಿವು, ಹೆಣದ ವಾಸನೆ, ಕಾಯಿಲೆಯ ಹೆಂಡತಿ ಭಾಗೀರಥಿ, ಮತ್ತೆ ಅವಳ ಸಾವು — ಇವೆಲ್ಲ ಒತ್ತುತ್ತಿರುವುದರಿಂದಲೇ ಅವರ ಕುಸಿತ ಓದುಗನಿಗೆ ನಿಜವೆನಿಸುತ್ತದೆ. ಮೂರನೆಯ ಭಾಗದ ಅಲೆದಾಟದಲ್ಲಿ ಸೂತಕದ ಮನುಷ್ಯ ಮೇಳಿಗೆಯ ಜಾತ್ರೆಯಲ್ಲಿ ಕೋಳಿ ಅಂಕ ನೋಡುವುದು, ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತು ಗುರುತು ಸಿಕ್ಕೀತೆಂಬ ಭಯದಿಂದ ಎದ್ದು ಓಡುವುದು, ಇಂಥ ದೃಶ್ಯಗಳಲ್ಲಿ ಅಳುಕು ಮೈಯ ಅನುಭವವಾಗುತ್ತದೆ. ಪಾಪಪ್ರಜ್ಞೆಯ ಕುರಿತು ಪುಟಗಟ್ಟಲೆ ಚಿಂತಿಸಿದ್ದರೂ ಆ ಪರಿಣಾಮ ಬರುತ್ತಿರಲಿಲ್ಲ.

ಆದರೆ ಇದೇ ಕಾದಂಬರಿಯಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ, ಅದರ ಕಡೆಗೆ ವಿಮರ್ಶೆ ತಕ್ಕಷ್ಟು ಗಮನ ಕೊಟ್ಟಿಲ್ಲವೆಂದೇ ಹೇಳಬೇಕು. ಆಚಾರ್ಯರು ಉತ್ತರ ಹುಡುಕುತ್ತ ಬಳಲುತ್ತಿರುವಾಗಲೇ, ಚಂದ್ರಿ ರಾತ್ರೋರಾತ್ರಿ ಮುಸ್ಲಿಂ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ನಾರಣಪ್ಪನ ಹೆಣವನ್ನು ಸುಟ್ಟು ಕುಂದಾಪುರದ ಕಡೆಗೆ ಹೊರಟುಹೋಗುತ್ತಾಳೆ. ಇಡೀ ಅಗ್ರಹಾರಕ್ಕೆ ಬಿಡಿಸಲಾಗದ ಕಗ್ಗಂಟನ್ನು ಅವಳು ಬಿಡಿಸಿದ್ದಾಳೆ, ಆಚಾರ್ಯರಿಗೆ ಅದು ಗೊತ್ತೇ ಇಲ್ಲ. ಬದುಕಿನ ಸಂಗಾತಿಯನ್ನು ಕಳೆದುಕೊಂಡು, ಅವನ ಹೆಣಕ್ಕಾಗಿ ಚಿನ್ನವನ್ನೆಲ್ಲ ಬಿಚ್ಚಿಟ್ಟು, ಕೊನೆಗೆ ಒಬ್ಬಳೇ ಊರು ಬಿಡುವ ಈ ಹೆಂಗಸಿಗೂ ಒಳಗೊಂದು ಪಯಣ ಇರಲೇಬೇಕಲ್ಲವೇ? ಕಾದಂಬರಿ ಅದಕ್ಕೆ ಕೆಲವೇ ಪುಟಗಳನ್ನು ಕೊಟ್ಟು ಮತ್ತೆ ಆಚಾರ್ಯರ ಹಿಂದೆ ಹೊರಡುತ್ತದೆ. ಓದಿಕೊಂಡ ಗಂಡಸಿನ ಸಂಕಟ ಮಾತ್ರ ತಾತ್ವಿಕ, ಉಳಿದವರದು ಬರೀ ಕಷ್ಟ ಎಂಬ ಈ ತಾರತಮ್ಯ ನವ್ಯದ ದೊಡ್ಡ ಕುರುಡು. ಬಾಣಂತಿತನದ ಮಾನಸಿಕ ಅಸ್ವಸ್ಥತೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಸುತ್ತಲಿನವರ ಅನುಮಾನದ ನೋಟವೇ ಮತ್ತೆ ಹುಚ್ಚಿಗೆ ತಳ್ಳುವುದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿದ ತ್ರಿವೇಣಿಯವರ ‘ಶರಪಂಜರ’ವನ್ನು ಜನಪ್ರಿಯ ಕಾದಂಬರಿಯೆಂದು ಬದಿಗಿಟ್ಟದ್ದೂ ಇದೇ ಕುರುಡಿನ ಫಲ.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ಮಾದರಿಯನ್ನು ಮುಂಬಯಿಯ ಕಂಪೆನಿ ಲೋಕಕ್ಕೆ ಒಯ್ದಿತು. ತನ್ನ ಮೇಲಿನ ಆರೋಪ ಏನೆಂದು ತಿಳಿಯದೆಯೇ ವಿಚಾರಣೆಗೆ ಸಿಕ್ಕಿಬಿದ್ದ ನಾಗಪ್ಪನಿಗೆ ಪ್ರತಿ ಮಾತಿನಲ್ಲೂ ಸಂಚು ಕಾಣುತ್ತದೆ, ಬಾಲ್ಯದ ಭಯಗಳು ಮರುಕಳಿಸುತ್ತವೆ. ಕೆಲವೆಡೆ ಆತ್ಮಶೋಧನೆ ತಿರುಗಿದಲ್ಲೇ ತಿರುಗಿ ದಣಿಸುವುದುಂಟು. ಆದರೂ ಅಧಿಕಾರ, ಅಸೂಯೆ, ನೌಕರಿಯ ಅಭದ್ರತೆಗಳ ವಿವರ ಗಟ್ಟಿಯಾಗಿರುವುದರಿಂದ ನಾಗಪ್ಪನ ದಿಗಿಲಿಗೆ ಆಧಾರವಿದೆ. ‘ಸಂಸ್ಕಾರ’ದ ಜಾಡಿನಲ್ಲಿ ಬಂದ ಅನೇಕರಲ್ಲಿ ಇಲ್ಲದ್ದು ಇಂಥ ಆಧಾರವೇ. ಅನಂತಮೂರ್ತಿಯವರಿಂದ ಅವರು ಪಡೆದದ್ದು ಹತಾಶೆಯನ್ನು, ಅಂಗಳದಲ್ಲಿ ಕಾಯುತ್ತಿರುವ ಹೆಣವನ್ನಲ್ಲ. ಹಾಗಾಗಿ ಪಾತ್ರ ಕಳೆದುಕೊಂಡದ್ದೇನು ಎಂಬುದು ತಿಳಿಯುವ ಮೊದಲೇ ಪರಕೀಯತೆ, ಅಂದರೆ ತನ್ನ ಜನರ ನಡುವೆಯೇ ಹೊರಗಿನವನಾಗಿಬಿಡುವ ಭಾವ, ಸಿದ್ಧ ಸರಕಾಗಿ ಬಂದು ಕೂರುವಂತಾಯಿತು. ಪೂರ್ಣಚಂದ್ರ ತೇಜಸ್ವಿಯವರು ‘ಅಬಚೂರಿನ ಪೋಸ್ಟಾಫೀಸು’ (1973) ಸಂಕಲನದ ಮುನ್ನುಡಿಯಲ್ಲಿ ನವ್ಯದ ಹಾದಿಯನ್ನು ಬಿಟ್ಟು ನಡೆಯುವುದಾಗಿ ಸಾರಿದ್ದು ಈ ಜಡತೆಯನ್ನು ಕಂಡೇ.

ಬೇರೊಂದು ದಾರಿಯೂ ಇದೆಯೆಂದು ತೋರಿಸಿದ್ದು ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ; ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಸುತ್ತ ಕೂತು ತಿನ್ನುತ್ತಾರೆ; ಬೆಳಗಾದರೆ ಪೊಲೀಸರು ಬರುತ್ತಾರೆ. ಇಲ್ಲಿ ಯಾರೂ ತಮ್ಮ ಅಂತರಂಗವನ್ನು ವಿಶ್ಲೇಷಿಸಿಕೊಳ್ಳುವುದಿಲ್ಲ, ಆದರೂ ಹೊಟ್ಟೆ ತುಂಬಿದ ಆ ರಾತ್ರಿಯ ಸಂಭ್ರಮದ ಬೆನ್ನಿಗೇ ಬರುವ ಅವಮಾನದ ಆಳ ಎದೆಗೆ ನಾಟುತ್ತದೆ. ಕುಸಿತ ಒಬ್ಬನ ಖಾಸಗಿ ಆಸ್ತಿಯಾಗದೆ ಇಡೀ ಮನೆಯ ಪಾಲಾಗುವುದು, ಮತ್ತು ಮಾತಿಗಿಂತ ಮೊದಲು ನಡೆಯಲ್ಲಿ ಕಾಣುವುದು, ನವ್ಯದ ಕಥನಕ್ಕೆ ಒಗ್ಗದ ಸಾಧನೆ.

ಇಷ್ಟಾದರೂ ಮನಸ್ಸಿನ ಕತ್ತಲಿಗೆ ಕನ್ನಡ ಗದ್ಯವನ್ನು ಹದಗೊಳಿಸಿದ ಋಣ ನವ್ಯದ್ದೇ. ಅದನ್ನು ಮರೆತು ಆ ಪರಂಪರೆಯನ್ನು ತಳ್ಳಿಹಾಕುವುದು ಅನ್ಯಾಯ. ಇಂದು ಪಾತ್ರದ ಒಳಪಯಣವನ್ನು ಬರೆಯಹೊರಟವರು ‘ಸಂಸ್ಕಾರ’ದ ಮೂರನೆಯ ಭಾಗದ ತಳಮಳವನ್ನು ಅನುಕರಿಸುವ ಮೊದಲು, ಅದಕ್ಕೆ ನೆಲೆಯೊದಗಿಸಿದ ಹಿಂದಿನ ಭಾಗಗಳನ್ನು, ಅದರಲ್ಲೂ ಚಂದ್ರಿಗೆ ಸಿಕ್ಕ ಕೆಲವೇ ಪುಟಗಳನ್ನು, ಮತ್ತೊಮ್ಮೆ ನಿಧಾನವಾಗಿ ಓದಬೇಕು.