ತಟ್ಟೆಯ ಮುಂದಿನ ಮುದಿ ಬೆಕ್ಕು

ಹತ್ತು ವರ್ಷ ದಾಟಿದ ಬೆಕ್ಕು ಊಟದ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಬೇರೆ ರೀತಿ ನಡೆದುಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಅದರ ಆರೋಗ್ಯವನ್ನು. ನಿನ್ನೆಯವರೆಗೆ ತಟ್ಟೆಯ ಸದ್ದಿಗೇ ಓಡಿ ಬರುತ್ತಿದ್ದದ್ದು ಇಂದು ಮೂಸಿ ನೋಡಿ ಹಿಂದೆ ಸರಿಯುತ್ತದೆ. ಇಲ್ಲವೇ, ತನ್ನ ಪಾಡಿಗೆ ತಾನಿದ್ದದ್ದು ಬೆಳಗಿನ ಜಾವಕ್ಕೇ ಎದ್ದು ಅರಚಿ, ಜೊತೆಯ ಬೆಕ್ಕಿನ ತಟ್ಟೆಗೂ ಬಾಯಿ ಹಾಕುತ್ತದೆ. ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಮನೆಗಳಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ: ಕೊಬ್ಬು ಬಂದಿದೆ, ಮೀನಿನ ರುಚಿ ಹತ್ತಿದೆ, ಹಠ ಹಿಡಿದಿದೆ, ವಯಸ್ಸಾಯಿತಲ್ಲ. ನಾಲ್ಕೂ ಬೆಕ್ಕಿನ ಗುಣವನ್ನು ಅಳೆಯುತ್ತವೆ, ಅದರ ಬಾಯನ್ನು ತೆರೆದು ನೋಡುವುದಿಲ್ಲ.

ಈ ಭಾಗದ ಮನೆಗಳಲ್ಲಿ ಬೆಕ್ಕಿಗೆ ಊಟ ಹಾಕುವ ಕ್ರಮ ಎರಡು ಬಗೆಯದು. ಹಳೆಯದು ಅಜ್ಜಿಯರ ಮೊಸರನ್ನ, ಹಾಲನ್ನದ ಕ್ರಮ. ಆಹಾರವಾಗಿ ಇದು ಸೋತಿದೆ. ಬೆಕ್ಕು ಮಾಂಸವನ್ನೇ ನಂಬಿ ಬದುಕುವ ಪ್ರಾಣಿ. ಹೃದಯಕ್ಕೂ ಕಣ್ಣಿಗೂ ಬೇಕಾದ ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅನ್ನದಲ್ಲಿ ಅದು ಸಿಗುವುದೂ ಇಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದಿಲ್ಲ. ಉಳಿದ ಸಾರನ್ನ ಹಾಕುವವರಿದ್ದಾರೆ; ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಹೊಸದು ಪ್ಯಾಕೆಟ್ಟಿನ ಒಣ ಕಾಳು. ಒಳ್ಳೆಯ ತಯಾರಿಕೆಯದಾದರೆ ಪೋಷಣೆಯ ಲೆಕ್ಕದಲ್ಲಿ ಇದಕ್ಕೆ ಹೆಚ್ಚು ದೋಷ ಹೇಳುವಂತಿಲ್ಲ. ದೋಷವಿರುವುದು ಹಾಕುವ ರೀತಿಯಲ್ಲಿ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಬಟ್ಟಲು ತುಂಬಿಟ್ಟರೆ ಸಂಜೆಯವರೆಗೆ ಯಾರೂ ಅತ್ತ ನೋಡುವುದಿಲ್ಲ. ಎರಡು ಬೆಕ್ಕುಗಳಿದ್ದರೆ ಬಟ್ಟಲು ಖಾಲಿಯಾದದ್ದು ಕಾಣುತ್ತದೆ, ಯಾವುದು ತಿಂದಿತು ಎಂಬುದು ಕಾಣುವುದಿಲ್ಲ. ಮುದಿ ಬೆಕ್ಕು ವಾರದಿಂದ ಅರೆಹೊಟ್ಟೆಯಲ್ಲಿದ್ದರೂ ಮನೆಯವರಿಗೆ ಗೊತ್ತಾಗುವುದು ಬೆನ್ನುಮೂಳೆ ಕೈಗೆ ಸಿಕ್ಕಾಗಲೇ. ಮೊಸರನ್ನದ ಅಜ್ಜಿ ಈ ಒಂದು ವಿಷಯದಲ್ಲಿ ಮೇಲು. ಹೊತ್ತಿಗೆ ಸರಿಯಾಗಿ ಕರೆದು, ಹಾಕಿ, ತಿನ್ನುವವರೆಗೆ ಅಲ್ಲೇ ನಿಲ್ಲುತ್ತಿದ್ದರಿಂದ ಎಷ್ಟು ಬಿಟ್ಟಿತು, ಹೇಗೆ ಬಿಟ್ಟಿತು ಎಂಬುದು ಅವರಿಗೆ ಅದೇ ದಿನ ತಿಳಿಯುತ್ತಿತ್ತು. ಉಳಿಸಿಕೊಳ್ಳಬೇಕಾದದ್ದು ಅಜ್ಜಿಯ ಅನ್ನವನ್ನಲ್ಲ, ಅವರ ಕಣ್ಣನ್ನು.

ಆ ಕಣ್ಣು ಏನನ್ನು ಗಮನಿಸಬೇಕು ಎಂಬುದಕ್ಕೆ ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆದ ತೆನಾಲಿ ರಾಮಕೃಷ್ಣನ ಕಥೆಯಲ್ಲೇ ಸುಳಿವಿದೆ. ಅವನು ತನ್ನ ಬೆಕ್ಕಿಗೆ ಮೊದಲ ದಿನವೇ ಕುದಿಯುವ ಹಾಲು ಇಡುತ್ತಾನೆ. ಬಾಯಿ ಸುಟ್ಟ ಬೆಕ್ಕು ಆಮೇಲೆ ಹಾಲು ಕಂಡರೆ ಸಾಕು, ಓಡುತ್ತದೆ. ಕಥೆ ರಾಮಕೃಷ್ಣನ ಜಾಣತನಕ್ಕೆ ಹೆಸರಾಗಿದೆ. ಬೆಕ್ಕಿನ ಕಡೆಯಿಂದ ಓದಿದರೆ ಅದು ನೋವು ಮತ್ತು ಊಟ ಒಂದಕ್ಕೊಂದು ಅಂಟಿಕೊಂಡ ಪ್ರಸಂಗ. ಹಲ್ಲು, ವಸಡು ಕೆಟ್ಟ ಮುದಿ ಬೆಕ್ಕಿನಲ್ಲಿ ಆಗುವುದು ಇದೇ. ಬೆಕ್ಕುಗಳಿಗೆ ಹಲ್ಲು ಬುಡದಿಂದ ಕರಗುತ್ತ ಬರುವ ಒಂದು ರೋಗವಿದೆ. ಹೊರಗಿನಿಂದ ವಸಡಿನ ಅಂಚು ಸ್ವಲ್ಪ ಕೆಂಪಾದಂತೆ ಮಾತ್ರ ಕಾಣಬಹುದು. ಅಂಥ ಬೆಕ್ಕು ಹಸಿವಿನಿಂದಲೇ ಬರುತ್ತದೆ. ಒಂದು ಕಾಳು ಕಚ್ಚಿ, ತಲೆಯನ್ನು ಒಂದೇ ಪಕ್ಕಕ್ಕೆ ವಾಲಿಸಿ, ಕಾಳನ್ನು ಇಡಿಯಾಗಿ ಕೆಳಗೆ ಬೀಳಿಸುತ್ತದೆ. ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತದೆ, ಬಟ್ಟಲಿಗೇ ಬುಸುಗುಟ್ಟಿ ಓಡುತ್ತದೆ. ಮೀನಿನ ಗಸಿಯನ್ನು ನೆಕ್ಕಿ ತುಂಡನ್ನು ಬಿಡುವ ಬೆಕ್ಕಿಗೆ ರುಚಿ ಹತ್ತಿದೆ ಎನ್ನುವುದು ಅನ್ಯಾಯ. ಅಗಿಯಲು ಆಗದೆ ಬಿಟ್ಟಿರಬಹುದು.

ಇದಕ್ಕಿಂತ ಬೇರೆ ಇನ್ನೊಂದು ನಡೆ. ಬೆಕ್ಕು ತಟ್ಟೆಯ ಮುಂದೆ ಕೂರುತ್ತದೆ, ಮೂಸುತ್ತದೆ, ತುಟಿ ಸವರಿಕೊಂಡು ಉಗುಳು ನುಂಗುತ್ತದೆ, ಎದ್ದು ಹೋಗುತ್ತದೆ. ಇದು ವಾಕರಿಕೆಯ ಲಕ್ಷಣ. ಮುದಿ ಬೆಕ್ಕಿನಲ್ಲಿ ಇದರ ಹಿಂದೆ ಆಗಾಗ ಇರುವುದು ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ; ಜೊತೆಗೆ ನೀರು ಹೆಚ್ಚು ಕುಡಿಯುವುದು, ಹೆಚ್ಚು ಉಚ್ಚೆ ಹೊಯ್ಯುವುದು ಕಾಣಬಹುದು. ಬಚ್ಚಲಿನ ಬಕೆಟ್ಟಿಗೆ ಮುಖ ಹಾಕುವ ಹೊಸ ಅಭ್ಯಾಸವನ್ನು ಬೇಸಿಗೆಯ ಲೆಕ್ಕಕ್ಕೆ ಬರೆದುಬಿಡಬಾರದು.

ಹಸಿವು ಹೆಚ್ಚಾದಾಗ ಮನೆಯವರು ಸಾಮಾನ್ಯವಾಗಿ ಸಂತೋಷಪಡುತ್ತಾರೆ. ಹಳೆಯ ಕ್ರಮ, ಹೊಸ ಕ್ರಮ ಎರಡೂ ಹೆಚ್ಚಾಗಿ ಎಡವುವುದು ಇಲ್ಲೇ. ಚೆನ್ನಾಗಿ ತಿನ್ನುತ್ತಲೇ ಸೊರಗುವ ಮುದಿ ಬೆಕ್ಕಿನಲ್ಲಿ ಮೊದಲು ಸಂಶಯಿಸಬೇಕಾದದ್ದು ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆಯನ್ನು. ಹಸಿವು, ಚಡಪಡಿಕೆ, ರಾತ್ರಿಯ ಕೂಗು, ತೂಕ ಇಳಿತ ಅದರ ಗುರುತುಗಳು. ಇದು ಬೆಕ್ಕುಗಳಲ್ಲಿ ಪ್ರತ್ಯೇಕ ರೋಗವೆಂದು ವೈದ್ಯರ ಗಮನಕ್ಕೆ ಬಂದದ್ದೇ 1979ರ ಸುಮಾರಿಗೆ, ನ್ಯೂಯಾರ್ಕಿನಲ್ಲಿ. ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನನ್ನು ಅಳೆದರೆ ಸಾಮಾನ್ಯವಾಗಿ ಪತ್ತೆಯಾಗುತ್ತದೆ, ದಿನನಿತ್ಯದ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಅದು ಹತೋಟಿಗೆ ಬಂದ ಮೇಲೆ ಅಡಗಿದ್ದ ಮೂತ್ರಪಿಂಡದ ತೊಂದರೆ ಹೊರಬೀಳುವುದೂ ಉಂಟು. ಹಾಗಾಗಿ ಮಾತ್ರೆ ಶುರುವಾದ ಮೇಲೂ ರಕ್ತಪರೀಕ್ಷೆ ಬೇಕು. ಸಕ್ಕರೆ ಕಾಯಿಲೆ ಮತ್ತು ಕರುಳಿನ ಕಾಯಿಲೆಗಳೂ ಇದೇ ವೇಷದಲ್ಲಿ ಬರಬಹುದು. ಗಾಬರಿಗೊಂಡ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಏರುವುದರಿಂದ ಕ್ಲಿನಿಕ್ಕಿನಲ್ಲಿ ನೋಡಿದ ಒಂದೇ ಅಂಕಿಯಿಂದ ತೀರ್ಮಾನಕ್ಕೆ ಬರುವಂತಿಲ್ಲ.

ತೂಕವಿಲ್ಲದೆ ಈ ಯಾವುದನ್ನೂ ಅರಿಯುವುದು ಕಷ್ಟ. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಕಳೆದುಕೊಂಡರೆ ಅದು ಅರವತ್ತು ಕಿಲೋ ಮನುಷ್ಯ ಆರು ಕಿಲೋ ಇಳಿದಂತೆ. ದಟ್ಟ ಕೂದಲಿನಡಿ ಅದು ಕಣ್ಣಿಗೆ ಕಾಣದು. ಬೆಕ್ಕನ್ನು ಎತ್ತಿಕೊಂಡು ಮನುಷ್ಯರ ತಕ್ಕಡಿಯ ಮೇಲೆ ನಿಂತು ಕಳೆಯುವ ಲೆಕ್ಕದಲ್ಲಿ ಇಷ್ಟು ಸಣ್ಣ ವ್ಯತ್ಯಾಸ ತಪ್ಪಿಹೋಗಬಹುದು. ಎಳೆಮಕ್ಕಳನ್ನು ತೂಗುವ ತಕ್ಕಡಿ ಇದಕ್ಕೆ ಮೇಲು, ತಿಂಗಳಿಗೊಮ್ಮೆ ಸಾಕು.

ಊಟಕ್ಕೆ ಬಾರದ ಬೆಕ್ಕಿಗೆಲ್ಲ ಹಸಿವು ಕೆಟ್ಟಿರುತ್ತದೆ ಎಂದಲ್ಲ. ಮೂವತ್ತು ನಲವತ್ತು ಅಡಿ ಸೈಟಿನಲ್ಲಿ ಮಹಡಿಯ ಮೇಲೆ ಮಹಡಿ ಎದ್ದ ಮನೆಗಳಲ್ಲಿ ಬೆಕ್ಕಿನ ತಟ್ಟೆ ಇರುವುದು ತಾರಸಿಯಲ್ಲೋ ಅಡುಗೆ ಕಟ್ಟೆಯ ಮೇಲೋ. ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 90ರಲ್ಲಿ ಕೀಲು ಸವೆತದ ಗುರುತುಗಳಿದ್ದವು. ಹತ್ತಲಾರದ ಬೆಕ್ಕು ಕುಂಟುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ಕೆಳಗೇ ಉಳಿಯುತ್ತದೆ. ತಟ್ಟೆಯನ್ನು ಅದು ಮಲಗುವ ಕೋಣೆಗೆ ತಂದು, ನಾಲ್ಕು ಬೆರಳು ಎತ್ತರದ ಮಣೆಯ ಮೇಲಿಟ್ಟು ನೋಡುವುದು ಖರ್ಚಿಲ್ಲದ ಪರೀಕ್ಷೆ. ಮರೆವಿನ ಕಾಯಿಲೆಯೂ ಬೆಕ್ಕುಗಳಿಗೆ ಬರುತ್ತದೆ. ತಿಂದು ಹತ್ತು ನಿಮಿಷಕ್ಕೆ ಮತ್ತೆ ತಟ್ಟೆಯ ಮುಂದೆ ಕೂಗುವುದು ಅದರಿಂದಲೂ ಇರಬಹುದು. ಆದರೆ ಥೈರಾಯ್ಡ್, ರಕ್ತದೊತ್ತಡ, ನೋವು ಇವನ್ನೆಲ್ಲ ತಳ್ಳಿಹಾಕಿದ ಮೇಲೆಯೇ ಆ ಹೆಸರು ಹೇಳಬೇಕು.

ದೇಹಕ್ಕೆ ಸಂಬಂಧಿಸದ ಕಾರಣಗಳೂ ಇವೆ. ಒಂದೇ ಬೆಕ್ಕಿಗೆ ಬೀದಿಯ ಮೂರ್ನಾಲ್ಕು ಮನೆಗಳವರು ಊಟ ಹಾಕುವುದು ಈ ಬಡಾವಣೆಗಳಲ್ಲಿ ಸಾಮಾನ್ಯ. ಪಕ್ಕದ ಮನೆಯವರನ್ನು ಒಂದು ಮಾತು ಕೇಳುವುದರಿಂದಲೇ ಒಗಟು ಬಿಡಬಹುದು. ದೀಪಾವಳಿಯ ಪಟಾಕಿ, ಪಕ್ಕದ ಸೈಟಿನಲ್ಲಿ ಹಳೆಮನೆ ಕೆಡವುವ ಸದ್ದು, ಬ್ರ್ಯಾಂಡ್ ಬದಲಾಯಿಸಿದ್ದು, ದಿನಾ ಊಟ ಹಾಕುತ್ತಿದ್ದವರು ಊರಿಗೆ ಹೋದದ್ದು, ಎಲ್ಲವೂ ಒಂದು ಹೊತ್ತಿನ ಊಟ ಕೆಡಿಸಬಲ್ಲವು. ಇವು ಒಂದು ದಿನಕ್ಕಿಂತ ಹೆಚ್ಚು ಕಾಲ ಊಟ ಬಿಡಿಸಿದರೆ ಕಾರಣ ಏನೇ ಇರಲಿ, ಅಪಾಯ ಒಂದೇ.

ಆ ಅಪಾಯ ಗೊತ್ತಿಲ್ಲದೆಯೇ "ಹಸಿದರೆ ತಾನೇ ತಿನ್ನುತ್ತದೆ, ಬಿಡಿ" ಎಂಬ ಸಲಹೆ ಮನೆಯಿಂದ ಮನೆಗೆ ಹೋಗುತ್ತದೆ. ಇಡೀ ಪದ್ಧತಿಯಲ್ಲಿ ಇದಕ್ಕಿಂತ ಕೆಟ್ಟದ್ದು ಇಲ್ಲ. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ದೇಹದ ಕೊಬ್ಬು ಯಕೃತ್ತಿಗೆ ನುಗ್ಗಿ ತುಂಬಿಕೊಳ್ಳುತ್ತದೆ, ಕಣ್ಣು ಕಿವಿ ಹಳದಿಗೆ ತಿರುಗುತ್ತವೆ, ಪ್ರಾಣವೇ ಹೋಗಬಹುದು. ದಪ್ಪ ಬೆಕ್ಕಿಗೆ ಈ ಭಯ ಇನ್ನೂ ಹೆಚ್ಚು. ಸಿರಿಂಜಿನಲ್ಲಿ ಹಾಲು ಬಾಯಿಗೆ ಒತ್ತುವುದೂ ಪರಿಹಾರವಲ್ಲ: ಹಾಲು ಶ್ವಾಸಕೋಶಕ್ಕೆ ಇಳಿಯಬಹುದು, ಬೆಕ್ಕು ಊಟವನ್ನೇ ದ್ವೇಷಿಸಲು ಕಲಿಯಬಹುದು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಊಟವನ್ನು ಉಗುರುಬೆಚ್ಚಗೆ ಮಾಡಿ ವಾಸನೆ ಏಳಿಸುವುದು, ಅಗಲವಾದ ತಟ್ಟೆಯಲ್ಲಿ ಮೆತ್ತನೆಯ ಮಾಂಸದ ಊಟ ಇಡುವುದು, ಇಷ್ಟು ಮನೆಯಲ್ಲಿ ಮಾಡಬಹುದು. 24 ಗಂಟೆ ಏನೂ ಮುಟ್ಟದಿದ್ದರೆ ಪಶುವೈದ್ಯರ ಬಳಿ ಹೋಗಲೇಬೇಕು.

ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಸಣ್ಣ ಪ್ರಾಣಿಗಳ ಕ್ಲಿನಿಕ್ಕುಗಳಿವೆ. ಹೆಚ್ಚಿನ ಪರೀಕ್ಷೆಗೆ 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ವೈದ್ಯರ ಮೇಜಿನ ಮೇಲೆ ಬೆಕ್ಕು ಮುದುರಿ ಕೂರುತ್ತದೆ, ಅಲ್ಲಿ ಅದು ತಿಂದು ತೋರಿಸುವುದಿಲ್ಲ. ಆದ್ದರಿಂದ ಹೊರಡುವ ಮುನ್ನ ಊಟದ ಹೊತ್ತಿನ ಒಂದು ನಿಮಿಷವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಕಳೆದ ತಿಂಗಳುಗಳ ತೂಕವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಎರಡನ್ನೂ ವೈದ್ಯರಿಗೆ ತೋರಿಸಿ.