ಮುಚ್ಚಳದ ಕೆಳಗೆ ಈರುಳ್ಳಿ ಸುಡುವುದಿಲ್ಲ

ಹಾಸನ, ಹೊಳೆನರಸೀಪುರದ ಕಡೆಯ ಮನೆಗಳಿಗೆ ಸ್ಲೋ ಕುಕ್ಕರ್ ಬರುವುದು ಹೆಚ್ಚಾಗಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳ ಕೈಯಿಂದ. ಪಾತ್ರೆಯ ಜೊತೆಗೆ ಒಂದು ಮಾತೂ ಬರುತ್ತದೆ: ಇದು ಅಜ್ಜಿಯ ಸೌದೆ ಒಲೆಯೇ, ಕರೆಂಟಿನಲ್ಲಿ ನಡೆಯುತ್ತದೆ ಅಷ್ಟೇ, ನಿಧಾನವಾಗಿ ಬೆಂದಷ್ಟೂ ರುಚಿ. ಇದಕ್ಕೆ ಸಾಕ್ಷಿಯಾಗಿ ಈರುಳ್ಳಿ ಸೂಪನ್ನು ತೋರಿಸುತ್ತಾರೆ. ರಾತ್ರಿ ಹೆಚ್ಚಿದ ಈರುಳ್ಳಿ, ಬೆಣ್ಣೆ, ಉಪ್ಪು ಹಾಕಿ ಮುಚ್ಚಿಟ್ಟರೆ ಬೆಳಗ್ಗೆ ಕಂದು ಬಣ್ಣದ ಸೂಪು ಸಿದ್ಧ ಎನ್ನುತ್ತಾರೆ. ಸೂಪಿನ ವಿಷಯದಲ್ಲಿ ಈ ಮಾತು ಅರ್ಧ ತಪ್ಪು. ಅಜ್ಜಿಯ ಒಲೆಯ ವಿಷಯದಲ್ಲಿ ಪೂರ್ತಿ ತಪ್ಪು.

ಈರುಳ್ಳಿಯಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ನೀರು. ಆ ನೀರು ಇರುವವರೆಗೆ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರು ಹೋಗಿ, ಪಾತ್ರೆಗೆ ತಾಗಿದ ಮೈ ಅದಕ್ಕಿಂತ ಚೆನ್ನಾಗಿ ಮೇಲೇರಿದಾಗಲೇ ಹುರಿದ ಈರುಳ್ಳಿಯ ಘಮ ಹುಟ್ಟುವುದು. ಸ್ಲೋ ಕುಕ್ಕರ್ ಎಷ್ಟು ಹೊತ್ತು ಕಾದರೂ ಕುದಿಯ ಅಂಚಿನಲ್ಲೇ ನಿಲ್ಲುತ್ತದೆ. ಎದ್ದ ಹಬೆ ಮುಚ್ಚಳಕ್ಕೆ ತಗುಲಿ ಮತ್ತೆ ಒಳಗೇ ತೊಟ್ಟಿಕ್ಕುತ್ತದೆ. ಹತ್ತು ಹನ್ನೆರಡು ಗಂಟೆಯಲ್ಲಿ ಬಣ್ಣ ಬರುತ್ತದೆ, ಅದನ್ನು ಅಲ್ಲಗಳೆಯಲಾರೆ. ಸಿಹಿಯೂ ಬರುತ್ತದೆ. ಆದರೆ ಅದು ಬೇಯಿಸಿದ ಸಿಹಿ, ಮೆತ್ತಗಿನ ಸಿಹಿ. ಸುಟ್ಟ ಅಂಚಿನ ಸಣ್ಣ ಕಹಿ ಅದರಲ್ಲಿಲ್ಲ. ಫ್ರಾನ್ಸಿನಲ್ಲೂ ಈ ಸೂಪಿಗೆ ಈರುಳ್ಳಿಯನ್ನು ತೆರೆದ ಪಾತ್ರೆಯಲ್ಲಿ ಬೆಣ್ಣೆ ಹಾಕಿ ಕೈಯಾಡಿಸುತ್ತಾ ಹುರಿಯುತ್ತಾರೆ. ಕೊನೆಗೆ ಮೇಲೆ ಬ್ರೆಡ್ಡು, ಚೀಸ್ ಇಟ್ಟು ಬೆಂಕಿಯ ಝಳಕ್ಕೆ ಒಡ್ಡುತ್ತಾರೆ. ಮೊದಲಲ್ಲೂ ಒಣ ಬೆಂಕಿ, ಕೊನೆಯಲ್ಲೂ ಒಣ ಬೆಂಕಿ. ನೀರು ನಡುವೆ ಮಾತ್ರ.

ಇನ್ನು ನಮ್ಮ ಒಲೆಗೆ ಬರೋಣ. ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು, ಸೊಪ್ಪು ಬೇಯಿಸಿ ನೀರು ಬಸಿದಿಟ್ಟುಕೊಳ್ಳುವುದು ಸುಲಭದ ಕೆಲಸ. ಸಾರಿನ ಜೀವ ಇರುವುದು ಖಾರದಲ್ಲಿ. ಸೌದೆ ಒಲೆ ಇದ್ದ ಮನೆಗಳಲ್ಲಿ ಸಿಪ್ಪೆ ಸಮೇತ ಈರುಳ್ಳಿಯನ್ನೂ ಬೆಳ್ಳುಳ್ಳಿಯನ್ನೂ ನೇರ ಕೆಂಡಕ್ಕೆ ತಳ್ಳುತ್ತಿದ್ದರು. ಹೊರಗೆ ಕರಿಕಾಗಿ, ಒಳಗೆ ಮೆತ್ತಗಾಗುತ್ತಲೇ ಎಳೆದು, ಬೂದಿ ಕೊಡವಿ, ಸಿಪ್ಪೆ ಸುಲಿದು, ಹುರಿದ ಮೆಣಸಿನಕಾಯಿ, ಜೀರಿಗೆ, ಕಾಯಿಯ ಜೊತೆ ಒರಳಿಗೆ ಹಾಕುತ್ತಿದ್ದರು. ಇದು ಗಂಟೆಗಟ್ಟಲೆಯ ಕೆಲಸವಲ್ಲ. ಕೆಂಡದ ಕಾವು ಕುದಿನೀರಿನ ಕಾವಿಗಿಂತ ಎಷ್ಟೋ ಪಟ್ಟು ಹೆಚ್ಚು. ಈರುಳ್ಳಿ ಅಲ್ಲಿ ಕೆಲವೇ ನಿಮಿಷ ಇರುತ್ತದೆ. ಅಜ್ಜಿಯ ಸಾರಿನ ರುಚಿ ನಿಧಾನದಿಂದ ಬಂದದ್ದು ಎನ್ನುವವರು ಒಲೆಯ ಮೇಲಿನ ಮಡಕೆಯನ್ನು ನೋಡಿದ್ದಾರೆ, ಒಲೆಯ ಬಾಯನ್ನು ನೋಡಿಲ್ಲ.

ಹುರುಳಿ ಕಟ್ಟಿನ ಹೆಸರೆತ್ತಿ ಯಾರಾದರೂ ಎದುರು ನಿಲ್ಲಬಹುದು. ಅದು ನಿಜಕ್ಕೂ ನಿಧಾನದ ಅಡುಗೆ. ಬೆಂದ ಹುರುಳಿಯಿಂದ ಬಸಿದ ಕಟ್ಟು ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಕುದಿಯುತ್ತದೆ. ಹಳೆಯ ಮನೆಗಳಲ್ಲಿ ಮರುದಿನವೂ ಒಲೆಯೇರುತ್ತಿತ್ತು. ಆದರೆ ಮಡಕೆಯ ಬಾಯಿ ತೆರೆದಿರುತ್ತದೆ. ನೀರು ಆರಿ ಆರಿ ಕಟ್ಟು ಗಟ್ಟಿಯಾಗಿ ಕರಿದಾಗುವುದೇ ಅಲ್ಲಿನ ಗುಟ್ಟು. ಸ್ಲೋ ಕುಕ್ಕರಿನಲ್ಲಿ ಎಂಟು ಗಂಟೆ ಕಳೆದರೂ ಹಾಕಿದ ನೀರು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹೊತ್ತು ಒಂದೇ, ಫಲ ತದ್ವಿರುದ್ಧ.

ಈರುಳ್ಳಿಯೇ ಇಲ್ಲದ ಅಡುಗೆಮನೆಗಳೂ ಇದನ್ನೇ ಹೇಳುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಶ್ರವಣಬೆಳಗೊಳವಿದೆ; ಅಲ್ಲಿನ ಜೈನ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಕ್ಕೆ ಹೆಸರಾದ ಸಂಕೇತಿಗಳ ಊರು. ಅಂಥ ಮನೆಗಳಲ್ಲೂ ಹಬ್ಬ, ಶ್ರಾದ್ಧದ ದಿನ ಈರುಳ್ಳಿ ಒಳಗೆ ಬರುವುದಿಲ್ಲ. ಆದರೂ ಸಾರು ಘಮಘಮಿಸುತ್ತದೆ. ಯಾಕೆಂದರೆ ಧನಿಯ, ಮೆಂತ್ಯ, ಮೆಣಸಿನಕಾಯಿ ಬಾಂಡ್ಲಿಯಲ್ಲಿ ಹುರಿದಿರುತ್ತವೆ; ಕೊನೆಗೆ ತುಪ್ಪದಲ್ಲಿ ಸಾಸಿವೆ ಸಿಡಿದು ಇಂಗು ಅರಳಿರುತ್ತದೆ. ಜಾತಿ, ಮತ, ಪದಾರ್ಥ ಬೇರೆಯಾದರೂ ಈ ಸೀಮೆಯ ಸಾರುಗಳ ನಡೆ ಒಂದೇ: ಮೊದಲು ಹುರಿ ಅಥವಾ ಸುಡು, ಆಮೇಲೆ ನೀರು.

ಸ್ಲೋ ಕುಕ್ಕರನ್ನು ದೂರುವುದು ನನ್ನ ಉದ್ದೇಶವಲ್ಲ. ಅದು ಹುಟ್ಟಿದ ಕಾರಣ ತಿಳಿದರೆ ಅದರ ಬಗ್ಗೆ ಗೌರವವೇ ಬರುತ್ತದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಲಿಥುವೇನಿಯಾದ ಯಹೂದಿಗಳು ಸಬ್ಬತ್ತಿನ ಹಿಂದಿನ ಸಂಜೆ ಕಾಳು, ಮಾಂಸದ ಪಾತ್ರೆಯನ್ನು ಬೇಕರಿಯ ಆರುತ್ತಿರುವ ಗೂಡಿನಲ್ಲಿಟ್ಟು ಮರುದಿನ ತೆಗೆದು ಉಣ್ಣುತ್ತಿದ್ದ ಕತೆಯನ್ನು ಅವರ ತಾಯಿ ಹೇಳಿದ್ದರು. ಆ ನೆನಪಿನಿಂದ ಬಂದ ಪಾತ್ರೆ ಇದು. 1971ರಲ್ಲಿ ರೈವಲ್ ಕಂಪನಿ ಅದನ್ನೇ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕಾಳು, ಮೂಳೆ, ಗಟ್ಟಿ ಮಾಂಸಕ್ಕೆಂದು ಹುಟ್ಟಿದ್ದಕ್ಕೆ ಈರುಳ್ಳಿ ಹುರಿಯುವ ಕೆಲಸ ಹೊರಿಸಿದವರು ನಾವು. ಕಾಳಿನಲ್ಲೂ ಒಂದು ಎಚ್ಚರ ಬೇಕು. ರಾಜ್ಮಾವನ್ನು ನೆನೆಸಿ, ನೀರು ಚೆಲ್ಲಿ, ಒಲೆಯ ಮೇಲೆ ಚೆನ್ನಾಗಿ ಕುದಿಸಿದ ಮೇಲೆಯೇ ಇದಕ್ಕೆ ಹಾಕಬೇಕು. ಈ ಮಂದ ಕಾವಿಗೆ ಅದರಲ್ಲಿರುವ ವಿಷದ ಅಂಶ ಸಾಯುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಿಡಿ ಎಂಬ ಉಪದೇಶವಂತೂ ನನಗೆ ಒಪ್ಪಿಗೆಯೇ ಇಲ್ಲ. ಹುಣಸೆಹುಳಿ ಮೊದಲೇ ಬಿದ್ದರೆ ಕಾಳು ಬೇಯುವುದಿಲ್ಲ, ಆಲೂಗಡ್ಡೆಯೂ ಬಿರುಸಾಗೇ ಉಳಿಯುತ್ತದೆ. ಆಲೂಗಡ್ಡೆ ಬೆಳೆಯುವ ಹಾಸನದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ತೆಂಗಿನಕಾಯಿ ರುಬ್ಬಿದ್ದು ಒಂದೆರಡು ಕುದಿ ಬಂದರೆ ಸಾಕು, ಎಂಟು ಗಂಟೆ ಕುದಿಸಿದರೆ ಅದರ ಹಸಿ ಸೊಗಸು ಹೋಗಿ ಎಣ್ಣೆ ಮೇಲೆ ತೇಲುತ್ತದೆ. ಯಾವುದು ಮೊದಲು, ಯಾವುದು ಕೊನೆಗೆ ಎಂಬ ತಿಳಿವು ನಮ್ಮ ಅಡುಗೆಯ ಅರ್ಧ ವಿದ್ಯೆ.

ಬೆಳಗಿನ ಬಸ್ಸಿಗೆ ಹಾಸನಕ್ಕೆ ಕೆಲಸಕ್ಕೆ ಹೊರಡುವ ಹೆಣ್ಣುಮಗಳಿಗೆ ಒಲೆಯ ಮುಂದೆ ನಿಲ್ಲಲು ಹೊತ್ತೆಲ್ಲಿದೆ ಎಂಬ ಪ್ರಶ್ನೆ ದೊಡ್ಡದು, ಅದನ್ನು ತಳ್ಳಿಹಾಕಬಾರದು. ಆದರೆ ಅವಳ ಹೊತ್ತು ಉಳಿಸಲು ಪ್ರೆಶರ್ ಕುಕ್ಕರ್ ಆಗಲೇ ಅಡುಗೆಮನೆಯಲ್ಲಿದೆ. ಅವಳ ಹೊರೆ ಇಳಿಯಬೇಕೆಂದರೆ ಈರುಳ್ಳಿ ಹುರಿಯಲು ಮನೆಯ ಗಂಡಸರೂ ಒಲೆಯ ಮುಂದೆ ನಿಲ್ಲಲಿ.

ಮಗಳೋ ಮಗನೋ ಸ್ಲೋ ಕುಕ್ಕರ್ ಕಳಿಸಿದ್ದರೆ ಮೂಲೆಗೆ ಸೇರಿಸಬೇಡಿ. 1 ಕಿಲೋ ಈರುಳ್ಳಿ ಹೆಚ್ಚಿ, ಅಗಲದ ಕಬ್ಬಿಣದ ಬಾಂಡ್ಲಿಯಲ್ಲಿ ತುಪ್ಪ ಹಾಕಿ, ಮುಚ್ಚಳವಿಲ್ಲದೆ ಮುಕ್ಕಾಲು ಗಂಟೆ ಕೈಯಾಡಿಸಿ. ತಳ ಹಿಡಿದಾಗ ಒಂದು ಚಮಚ ನೀರು ಚಿಮುಕಿಸಿ ಕೆರೆಯಿರಿ. ಈರುಳ್ಳಿ ಕಾಲು ಭಾಗಕ್ಕಿಳಿದು, ಅಂಚು ಕಪ್ಪಿಟ್ಟು, ಮನೆ ತುಂಬ ಘಮ ಬಂದ ಮೇಲೆ ಸ್ಲೋ ಕುಕ್ಕರಿಗೆ ಹಾಕಿ, ಬಿಸಿನೀರು ಸುರಿದು ಮುಚ್ಚಿ.